ಮೇಲಿನ ಸಾಲಿನ ಇಲಿಗಳು

ಆ ಸಂಶೋಧನಾಲಯದಲ್ಲಿ ಅವಳನ್ನು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಇಲಿಯಕ್ಕ. ಮೂಗಿನ ತುದಿಯಲ್ಲೇ ಕೋಪ ಎಂಬ ಖ್ಯಾತಿ ಬೇರೆ. ನೆಲಮಾಳಿಗೆಯ ಇಲಿಮನೆಗೆ ಒಮ್ಮೆ ಸೆಂಟು ಪೂಸಿಕೊಂಡು ಬಂದ ಅತಿಥಿ ವಿಜ್ಞಾನಿಯೊಬ್ಬನನ್ನು ಅವಳು ಬಾಗಿಲಲ್ಲೇ ತಡೆದು, "ಸ್ನಾನ ಮಾಡ್ಕೊಂಡು ಬನ್ನಿ ಸಾರ್, ಇಲ್ಲಾಂದ್ರೆ ಇಲಿಗಳ ಫೋಟೋ ತೋರಿಸ್ತೀನಿ, ನೋಡ್ಕೊಂಡು ಹೋಗಿ" ಎಂದಿದ್ದಳು. ಆತ ಮೇಲಕ್ಕೆ ಹೋಗಿ ದೂರು ಕೊಟ್ಟ. ಸೆಂಟಿನ ವಾಸನೆ ಹೊಡೆದರೆ ಇಲಿಗಳು ಮೂಲೆ ಬಿಟ್ಟು ಕದಲುವುದಿಲ್ಲ, ಆ ದಿನ ಮಾಡಿದ ಪರೀಕ್ಷೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂಬುದು ದೂರು ಕೊಟ್ಟವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

ಗೊತ್ತಾಗಲು ಇಪ್ಪತ್ತೊಂದು ವರ್ಷ ಹಿಡಿದಿತ್ತು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಅವಳು ಇಲ್ಲಿಗೆ ಬಂದದ್ದು ಪಂಜರ ತೊಳೆಯುವ ಕೆಲಸಕ್ಕೆ. ಮೊದಲ ವಾರ ಇಲಿಗಳ ಮೂತ್ರದ ಘಾಟಿಗೆ ಕಣ್ಣೆಲ್ಲ ಕೆಂಪಾಗಿ ಮನೆಗೆ ಹೋಗುತ್ತಿದ್ದಳು. ಆಮೇಲೆ ಕೈಗೆ ತುರಿಕೆ, ಉಸಿರಿಗೆ ಗೊರಗೊರ. ಡಾಕ್ಟರು ಕೆಲಸ ಬಿಡು ಎಂದರು. ಅವಳು ಕೆಲಸದ ಬದಲು ಡಾಕ್ಟರನ್ನು ಬಿಟ್ಟಳು. ಬಾಯಿಗೆ ಮಾಸ್ಕು, ಕೈಗೆ ಎರಡೆರಡು ಗವುಸು ಹಾಕಿಕೊಂಡು ಪಂಜರದಲ್ಲಿ ಹಾಸಿದ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು, ಮರಿಗಳನ್ನು ಎಣಿಸುವುದು, ಸತ್ತದ್ದನ್ನು ಬರೆದಿಡುವುದು ಎಲ್ಲ ಕಲಿತಳು. ಯಾರೂ ಕಲಿಸದೆ ಕಲಿತದ್ದೂ ಇತ್ತು. ಬೆದರಿದ ಇಲಿ ಹೇಗೆ ಉಸಿರಾಡುತ್ತದೆ, ಬೆದರಿಕೆ ಇಳಿದಾಗ ಮೊದಲು ಮೀಸೆ ತೊಳೆಯುತ್ತದೆಯೋ ಕಿವಿಯೋ, ಇಂಥವು.

ಬೆದರಿಕೆಯ ಪಾಠ ಅವಳಿಗೆ ಮನೆಯಲ್ಲೂ ಇತ್ತು. ಅವಳೂ ತಂಗಿಯೂ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ. ತಂಗಿ ಒಂದು ಕಾಲಕ್ಕೆ ದೊಡ್ಡ ಬಟ್ಟೆ ಅಂಗಡಿಯಲ್ಲಿ ಅಳತೆ ತಿದ್ದುವ ದರ್ಜಿ. ಒಂದು ಮಧ್ಯಾಹ್ನ ಅಂಗಡಿಯ ಲಿಫ್ಟು ನಡುವೆ ನಿಂತು ನಲವತ್ತು ನಿಮಿಷ ಒಳಗೆ ಸಿಕ್ಕಿಕೊಂಡಳು. ಹೊರಬಂದಾಗ ನಗುತ್ತಲೇ ಇದ್ದಳಂತೆ. ಮೂರನೆಯ ದಿನ ಬಸ್ಸಿನಲ್ಲಿ ಎದೆ ಹೊಡೆದುಕೊಂಡು ಅರ್ಧ ದಾರಿಯಲ್ಲೇ ಇಳಿದಳು. ತಿಂಗಳೊಳಗೆ ಹೊಸಿಲು ದಾಟುವುದೇ ನಿಂತುಹೋಯಿತು. ಆಗಿನಿಂದ ಆರು ವರ್ಷ, ಮನೆಯಲ್ಲೇ ಕೂತು ಹೊಲಿಯುತ್ತಿದ್ದಳು.

"ಏನಕ್ಕೆ ಹೆದರ್ತೀಯ ಅಂತಾದ್ರೂ ಹೇಳು" ಎಂದು ಇಲಿಯಕ್ಕ ಒಮ್ಮೆ ರೇಗಿದ್ದಳು.

"ಗೊತ್ತಿದ್ರೆ ಹೇಳ್ತಿರಲಿಲ್ವಾ ಅಕ್ಕ? ಹುಲಿ ಇದ್ರೆ ಹುಲಿ ಅನ್ನಬಹುದಿತ್ತು."

ಈಚೆಗೆ ಒಬ್ಬ ಆಪ್ತ ಸಲಹೆಗಾರ್ತಿ ವಾರಕ್ಕೊಮ್ಮೆ ಮನೆಗೇ ಬರತೊಡಗಿದ್ದಳು. ಮೊದಲ ವಾರ ಬಾಗಿಲಲ್ಲಿ ನಿಲ್ಲುವುದು, ಮುಂದಿನ ವಾರ ಮೆಟ್ಟಿಲಿಳಿಯುವುದು, ಎದೆ ಹೊಡೆದುಕೊಂಡರೆ ಓಡದೆ ಅಲ್ಲೇ ನಿಂತು ಅದು ಇಳಿಯುವ ತನಕ ಕಾಯುವುದು. ಐದು ತಿಂಗಳಲ್ಲಿ ತಂಗಿ ಗೇಟಿನ ತನಕ ಬಂದಿದ್ದಳು. ನಲವತ್ತೊಂದು ಹೆಜ್ಜೆ. ಅಷ್ಟಕ್ಕೇ ಬೆನ್ನೆಲ್ಲ ಬೆವರಿ ಒದ್ದೆಯಾಗುತ್ತಿತ್ತು.

ಅದೇ ಸಮಯಕ್ಕೆ ಸಂಶೋಧನಾಲಯದ ಮುಖ್ಯಸ್ಥರು ಹೊಸ ಇಲಿಗಳನ್ನು ತರಿಸಿದರು. ಹುಟ್ಟಿನಿಂದಲೇ ಮಿದುಳಿನಲ್ಲಿ ಒಂದು ಕಿಣ್ವ ಇಲ್ಲದ ಹಾಗೆ ತಳಿ ಮಾಡಿದ ಇಪ್ಪತ್ತನಾಲ್ಕು ಇಲಿಗಳು. ಹೋಲಿಸಿ ನೋಡಲು ಮಾಮೂಲಿ ಇಲಿಗಳು ಇಪ್ಪತ್ತನಾಲ್ಕು. ಪರೀಕ್ಷೆ ನಡೆಸುವ ಹೊಣೆ ಮೂವತ್ತೈದರ ಆಸುಪಾಸಿನ ಸಂಶೋಧಕಿಯೊಬ್ಬಳದು. ಅವಳು ಮಿತಭಾಷಿ, ಆದರೆ ಕೇಳಿದರೆ ಬಿಡಿಸಿ ಹೇಳುತ್ತಿದ್ದಳು.

"ನರಕೋಶದ ಹೊರಗೆ ಯಾರೋ ಬಾಗಿಲು ಬಡೀತಾರೆ ಅಂತಿಟ್ಕೊಳ್ಳಿ ಅಕ್ಕ. ಆ ಸುದ್ದೀನ ಕೋಶದ ಒಳಗಡೆ ಮುಟ್ಟಿಸೋಕೆ ಸಣ್ಣ ಸಣ್ಣ ಅಣುಗಳಿರ್ತವೆ. ಮುಟ್ಟಿದ ಮೇಲೆ ಅವನ್ನ ಕತ್ತರಿಸಿ ಹಾಕಿ ಸುಮ್ಮನಾಗಿಸೋದು ಈ ಕಿಣ್ವದ ಕೆಲಸ. ಕಿಣ್ವ ಇಲ್ಲದಿದ್ರೆ ಸುದ್ದಿ ಬೇಗ ಅಳಿಸಿ ಹೋಗಲ್ಲ."

"ಹಾಗಾದ್ರೆ ಭಯ ಜಾಸ್ತಿ ಆಗ್ಬೇಕಲ್ಲ?"

"ಯಾವ ಸುದ್ದಿ, ಮಿದುಳಿನ ಯಾವ ಮೂಲೆ ಅನ್ನೋದರ ಮೇಲೆ ಹೋಗುತ್ತೆ. ಇಲ್ಲಿ ಓಡಾಡೋದು ಸಮಾಧಾನದ ಸುದ್ದಿ ಅಂತ ನಮ್ಮ ಊಹೆ. ಅದು ಉಳಿದ್ರೆ ದಿಗಿಲು ಕಡಿಮೆ ಆಗ್ಬೇಕು."

ಪರೀಕ್ಷೆ ನೋಡಲು ಸುಲಭವಾಗಿತ್ತು. ಸೊಂಟದೆತ್ತರದಲ್ಲಿ ಕೂಡುವ ಗುರುತಿನ ಆಕಾರದ ಹಲಗೆ. ಎರಡು ತೋಳುಗಳಿಗೆ ಗೋಡೆಯುಂಟು, ಎರಡಕ್ಕೆ ಇಲ್ಲ. ನಡುವೆ ಇಲಿಯನ್ನು ಬಿಟ್ಟು ಐದು ನಿಮಿಷ ಕ್ಯಾಮೆರಾದಲ್ಲಿ ನೋಡುವುದು. ದಿಗಿಲುಬಿದ್ದ ಇಲಿ ಗೋಡೆಯ ಸಂದಿಯಲ್ಲಿ ಮುದುರಿಕೊಳ್ಳುತ್ತದೆ. ಧೈರ್ಯವಿದ್ದದ್ದು ಬಯಲಿನ ತೋಳಿಗೆ ಬಂದು ಅಂಚಿನಿಂದ ಕೆಳಗೆ ಇಣುಕುತ್ತದೆ. ಮಾಮೂಲಿ ಇಲಿಗಳು ಬಯಲಿನಲ್ಲಿ ಅರ್ಧ ನಿಮಿಷವೂ ನಿಲ್ಲಲಿಲ್ಲ. ಕಿಣ್ವವಿಲ್ಲದವು ಒಂದೂವರೆ ನಿಮಿಷ ಪಾರ್ಕಿನಲ್ಲಿ ಓಡಾಡುವ ಹಾಗೆ ಓಡಾಡಿದವು. ಮುಖ್ಯಸ್ಥರು ಅಂದು ಎಲ್ಲರಿಗೂ ಕೇಕು ತರಿಸಿದರು. ನೆಲಮಾಳಿಗೆಗೆ ಒಂದು ತುಂಡು ಇಳಿದು ಬಂತು.

ಇಲಿಯಕ್ಕ ಆ ತುಂಡನ್ನು ಮುಟ್ಟಲಿಲ್ಲ. ಅವಳು ಪಂಜರಗಳನ್ನು ಜೋಡಿಸಿದ ಸ್ಟ್ಯಾಂಡುಗಳನ್ನು ನೋಡುತ್ತ ನಿಂತಿದ್ದಳು. ಕಿಣ್ವವಿಲ್ಲದ ಇಲಿಗಳು ದುಬಾರಿ ಎಂದು ಬಂದ ದಿನವೇ ಪ್ರಯೋಗದವರೇ ಅವನ್ನು ಕೆಳಗಿನ ಸಾಲಿನಲ್ಲಿ, ಮಬ್ಬು ಬೆಳಕಿನಲ್ಲಿ ಇರಿಸಿದ್ದರು. ಯಾರೂ ತಾಗದಿರಲಿ ಎಂದು. ಮಾಮೂಲಿ ಇಲಿಗಳು ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗಾಳಿ ಊದುವ ಕೊಳವೆಯ ಪಕ್ಕದಲ್ಲಿ. ಆ ಕೊಳವೆಯ ಫ್ಯಾನು ಗಂಟೆಗೊಮ್ಮೆ ಗಡಗಡ ಎಂದು ಅಲುಗುತ್ತಿತ್ತು. ಪರೀಕ್ಷೆಗೆ ಒಯ್ಯುವಾಗಲೂ ಅಷ್ಟೆ. ದುಬಾರಿಯವನ್ನು ಬೊಗಸೆಯಲ್ಲಿ ಎತ್ತಿಕೊಳ್ಳುತ್ತಿದ್ದರು, ಮಾಮೂಲಿಯವನ್ನು ಬಾಲ ಹಿಡಿದು. ಬಾಲ ಹಿಡಿದು ನೇತಾಡಿಸಿದ ಇಲಿ ಬಯಲಿಗೆ ಹೋಗಿ ನಿಲ್ಲುತ್ತದೆಯೇ?

ಅವಳು ಅದನ್ನು ಇಲಿಮನೆಯ ದಿನಚರಿಯ ಪುಸ್ತಕದಲ್ಲಿ ಬರೆದಳು. ಯಾವ ಪಂಜರ ಯಾವ ಸಾಲಿನಲ್ಲಿದೆ, ಯಾರು ಹೇಗೆ ಎತ್ತಿದರು, ಈ ಎರಡು ಗುಂಪನ್ನು ಹೋಲಿಸುವುದು ಸರಿಯಲ್ಲ ಎಂದೂ. ಸಂಶೋಧಕಿ ಓದಿ, ತುಟಿ ಕಚ್ಚಿ, ಕೆಳಗೆ ಸಹಿ ಹಾಕಿದಳು. "ಸಾರ್‌ಗೆ ಹೇಳ್ತೀನಿ" ಎಂದಳು. ಹೇಳಿದಳೋ ಇಲ್ಲವೋ. ಹತ್ತು ದಿನ ಕಾದು ಇಲಿಯಕ್ಕ ತಾನೇ ಮೂರನೆಯ ಮಹಡಿಗೆ ಹತ್ತಿಹೋದಳು.

ಮುಖ್ಯಸ್ಥರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಆಮೇಲೆ ನಕ್ಕರು.

"ನೋಡಮ್ಮ, ನಿನಗೆ ಇಲಿಗಳ ಮೇಲೆ ಪ್ರೀತಿ. ಒಳ್ಳೇದು. ಹೊಟ್ಟು, ನೀರು ನೀನು ನೋಡ್ಕೋ. ವಿಜ್ಞಾನ ನಾವು ನೋಡ್ಕೋತೀವಿ."

"ಪ್ರೀತಿ ಮಾತಲ್ಲ ಸಾರ್. ಒಬ್ಬನ್ನ ಬಾವಿಗೆ ನೂಕಿ, ಇನ್ನೊಬ್ಬನ್ನ ಮಂಚದ ಮೇಲೆ ಮಲಗಿಸಿ, ಯಾರಿಗೆ ಭಯ ಜಾಸ್ತಿ ಅಂತ ಕೇಳಿದ ಹಾಗಾಯ್ತು."

"ಆಯ್ತು ಆಯ್ತು. ಬಾಗಿಲು ಹಾಕ್ಕೊಂಡು ಹೋಗು."

ಬಾಗಿಲು ಹಾಕಿಕೊಂಡೇ ಹೋದಳು. ಆ ಸದ್ದಿಗೆ ಎರಡನೆಯ ಮಹಡಿಯವರು ಹೊರಗೆ ಬಂದು ನೋಡಿದರು. ಮೆಟ್ಟಿಲಿಳಿಯುವಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಯಾರ್ಯಾರೋ ಅವಳನ್ನು ಗದರಿಸಿದ್ದರು, ಅದೆಲ್ಲ ಮರೆತುಹೋಗಿತ್ತು. ಈ ನಗು ಮಾತ್ರ ಅವಳಿಗೆ ನುಂಗಲಾಗಲಿಲ್ಲ.

ಪ್ರಬಂಧ ಅಚ್ಚಾಯಿತು. ಮುಖ್ಯಸ್ಥರು ಪತ್ರಿಕೆಯವರನ್ನು ಕರೆಸಿ ಮಾತಾಡಿದರು. ಒಂದು ಭಾನುವಾರ ಪತ್ರಿಕೆಯ ಮುಖಪುಟದಲ್ಲೇ ಬಂತು: 'ಭಯದ ಕೀಲಿಕೈ ಸಿಕ್ಕಿತು. ಇನ್ನು ದಿಗಿಲಿಗೆ ಒಂದೇ ಮಾತ್ರೆ.' ಮಾತ್ರೆಯ ಹೆಸರೂ ಇಲ್ಲ, ಮಾತ್ರೆಯೇ ಇಲ್ಲ. ಆದರೂ ಒಂದೇ ಮಾತ್ರೆ.

ತಂಗಿ ಅದನ್ನು ಹೊಲಿಗೆಯ ಕತ್ತರಿಯಲ್ಲೇ ಅಂಚು ಕೆಡದ ಹಾಗೆ ಕತ್ತರಿಸಿ, ಮೆಷಿನ್ನಿನ ಮುಂದಿನ ಗೋಡೆಗೆ ಅಂಟಿಸಿದ್ದಳು.

"ಇದು ನಿನ್ನ ಇಲಿಗಳೇ ಅಲ್ವಾ ಅಕ್ಕ?"

"ಹೂಂ."

"ಯಾವಾಗ ಬರುತ್ತಂತೆ ಮಾತ್ರೆ?"

ತಂಗಿಯ ಮುಖದಲ್ಲಿ ಆರು ವರ್ಷದಿಂದ ಕಾಣದ ಗೆಲುವು ಇತ್ತು. ಅದನ್ನು ಅಲ್ಲೇ ಹೊಸಕಿಹಾಕಲು ಇಲಿಯಕ್ಕನಿಗೆ ಮನಸ್ಸಾಗಲಿಲ್ಲ. "ಇನ್ನೂ ತಡ ಇದೆ" ಎಂದಳು. ಅದು ಅವಳು ಮಾಡಿದ ತಪ್ಪು. ಮುಂದೆ ಅವಳೇ ಅದನ್ನು ಒಪ್ಪಿಕೊಂಡಳು.

ಮುಂದಿನ ವಾರ ಸಲಹೆಗಾರ್ತಿ ಬಂದಾಗ ತಂಗಿ ಮೆಟ್ಟಿಲಿಳಿಯಲಿಲ್ಲ. ಅದರ ಮುಂದಿನ ವಾರ ಬರಬೇಡಿ ಎಂದೇ ಫೋನು ಮಾಡಿದಳು. ಇಲಿಯಕ್ಕನಿಗೆ ಇದು ಗೊತ್ತಾದದ್ದು ತಿಂಗಳ ಮೇಲೆ, ಸಲಹೆಗಾರ್ತಿ ದಾರಿಯಲ್ಲಿ ಸಿಕ್ಕಿ ಹೇಳಿದಾಗ. ಅವಳು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೂಗಾಡಿದಳು.

"ಯಾರನ್ನ ಕೇಳಿ ನಿಲ್ಲಿಸಿದೆ? ಐದು ತಿಂಗಳು ಬೆವರು ಸುರಿಸಿ ಗೇಟಿನ ತನಕ ಹೋಗಿದ್ದೆ!"

"ಮಾತ್ರೆ ಬರುತ್ತಲ್ಲ ಅಕ್ಕ. ಸುಮ್ಮನೆ ಯಾಕೆ ದಿನಾ ಸಾಯ್ಬೇಕು? ಕಾಯ್ತೀನಿ."

"ಕಾಯ್ತಾ ಕೂತಿರು, ಮಣ್ಣಾಗೋ ತನಕ!"

ತಂಗಿ ತಲೆ ಬಗ್ಗಿಸಿ ಮೆಷಿನ್ನು ತುಳಿಯತೊಡಗಿದಳು. ಸೂಜಿ ಬಟ್ಟೆಯ ಮೇಲೆ ಟಕಟಕ ಬಡಿಯುವುದು ಕೇಳಿಸಿತು. ಇಲಿಯಕ್ಕ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಳು. ಅವಳಿಗೆ ಕೋಪ ಬಂದಿದ್ದುದು ಯಾರ ಮೇಲೆ? ತಂಗಿಯ ಮೇಲಲ್ಲ. ಮೂರನೆಯ ಮಹಡಿಯಲ್ಲಿ ಕೂತವನು ನಕ್ಕು ತಳ್ಳಿಹಾಕಿದ ಒಂದು ಮಾತು ಇಷ್ಟು ದೂರ ಬಂದು, ಈ ಹೆಂಗಸಿನ ನಲವತ್ತೊಂದು ಹೆಜ್ಜೆಯನ್ನು ತಿಂದುಹಾಕಿತ್ತು. ಪಂಜರದೊಳಗಿನ ತಪ್ಪು ಪಂಜರದೊಳಗೇ ಉಳಿಯುವುದಿಲ್ಲ ಎಂದು ಅಂದು ಅವಳಿಗೆ ಮನದಟ್ಟಾಯಿತು. ಆದರೂ ಗೋಡೆಯ ಮೇಲಿನ ಆ ತುಂಡನ್ನು ನಂಬಬೇಡ ಎಂದು ಅವಳು ಅಂದೂ ತಂಗಿಗೆ ಹೇಳಲಿಲ್ಲ.

ಎಂಟು ತಿಂಗಳಾದ ಮೇಲೆ ದೂರದ ಇನ್ನೊಂದು ಸಂಶೋಧನಾಲಯದಿಂದ ಪತ್ರ ಬಂತು. ಅದೇ ತಳಿಯ ಇಲಿಗಳು, ಅದೇ ಹಲಗೆ. ಆದರೆ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ, ನಿಮಗೆ ಹೇಗೆ ಕಂಡಿತು ಎಂದು ಅವರು ವಿನಯದಿಂದಲೇ ಕೇಳಿದ್ದರು. ಮೂರು ದಿನ ಮೂರನೆಯ ಮಹಡಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಾಲ್ಕನೆಯ ದಿನ ಇಲಿಯಕ್ಕನ ಕೈಗೆ ಒಂದು ನೋಟೀಸು ಬಂತು. ಇಲಿಮನೆಯ ನಿರ್ವಹಣೆಯಲ್ಲಿ ಅಜಾಗರೂಕತೆಯಾಗಿದೆ, ಪ್ರಾಣಿಗಳನ್ನು ಸಮಾನ ಸ್ಥಿತಿಯಲ್ಲಿ ಇರಿಸಿಲ್ಲ, ಏಳು ದಿನದೊಳಗೆ ವಿವರಣೆ ಕೊಡಬೇಕು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ನೋಟೀಸನ್ನು ಎರಡು ಸಲ ಓದಿದಳು. 'ಸಮಾನ ಸ್ಥಿತಿಯಲ್ಲಿ ಇರಿಸಿಲ್ಲ' ಎಂಬ ಮಾತು ಅವಳದೇ. ಅವಳು ದಿನಚರಿಯಲ್ಲಿ ಬರೆದದ್ದನ್ನೇ ತಿರುಗಿಸಿ ಅವಳ ಕೊರಳಿಗೆ ಕಟ್ಟಿದ್ದರು.

ಏಳು ದಿನ ಅವಳು ಕಾಯಲಿಲ್ಲ. ಅಂದೇ ಹನ್ನೊಂದು ಗಂಟೆಗೆ ಮೇಲೆ ಸಭೆ ಇತ್ತು. ಪಂಜರ ತೊಳೆಯುವ ರಬ್ಬರಿನ ಏಪ್ರನ್ನಿನಲ್ಲೇ, ನೀರು ತೊಟ್ಟಿಕ್ಕಿಸಿಕೊಂಡು, ದಿನಚರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ನುಗ್ಗಿದಳು. ಉದ್ದ ಮೇಜಿನ ಸುತ್ತ ಹತ್ತು ಜನ.

"ಇದು ಸಿಬ್ಬಂದಿ ಸಭೆ ಅಲ್ಲಮ್ಮ" ಎಂದರು ಮುಖ್ಯಸ್ಥರು.

"ಗೊತ್ತು ಸಾರ್. ನನ್ನ ವಿವರಣೆ ಕೇಳಿದ್ರಲ್ಲ, ಕೊಡೋಕೆ ಬಂದೆ." ಅವಳು ಪುಸ್ತಕ ತೆರೆದು ಮೇಜಿನ ಮೇಲೆ ಬಡಿದಳು. "ಯಾವ ಇಲಿ ಯಾವ ಸಾಲು, ಓದಿ. ಲೈಟು ಎಲ್ಲಿತ್ತು, ಓದಿ. ಬಾಲ ಹಿಡಿದು ಎತ್ತಿದೋರು ಯಾರು, ಓದಿ. ಇದು ಸರಿಯಲ್ಲ ಅಂತ ನಾನು ಬರೆದ ತಾರೀಖು, ಅದೂ ಇದೆ. ನಿಮ್ಮ ಕೋಣೆಗೆ ಬಂದು ಬಾಯಿಬಿಟ್ಟು ಹೇಳಿದೆ. ನೀವು ನಕ್ಕಿದ್ರಿ. ನಕ್ಕಿದ್ದಕ್ಕೆ ರಿಜಿಸ್ಟ್ರಲ್ಲಿ ಕಾಲಂ ಇಲ್ಲ, ಅದೊಂದನ್ನ ಬರೀಲಿಲ್ಲ."

ಯಾರೋ ನಗು ತಡೆಯಲು ಕೆಮ್ಮಿದರು. ಮುಖ್ಯಸ್ಥರ ಮುಖ ಕೆಂಪಾಯಿತು.

"ಹೊಟ್ಟು ಬದಲಿಸೋರು ಪ್ರಯೋಗದ ವಿಚಾರ..."

"ಹೊಟ್ಟು ಬದಲಿಸೋಳೇ ಸಾರ್ ನಾನು! ಅದಕ್ಕೇ ಕಂಡಿದ್ದು! ನೀವು ವರ್ಷಕ್ಕೆ ಎಷ್ಟು ಸಲ ಕೆಳಗೆ ಇಳಿದು ಬಂದಿದ್ದೀರಿ? ಫೋಟೋ ತೆಗೆಸ್ಕೊಳ್ಳೋಕೆ ಒಂದು ಸಲ. ಆ ಸುದ್ದಿ ಓದಿ ಎಷ್ಟು ಜನ ಔಷಧಿ ನಿಲ್ಲಿಸಿದ್ರೋ, ಎಷ್ಟು ಜನ ಡಾಕ್ಟರ ಹತ್ರ ಹೋಗೋದು ಬಿಟ್ರೋ! ನಮ್ಮನೇಲೇ ಒಬ್ಬಳಿದಾಳೆ."

ಮೇಜಿನ ಕೊನೆಯಲ್ಲಿ ಕೂತಿದ್ದ ಸಂಶೋಧಕಿ ಎದ್ದು ನಿಂತಳು.

"ಆ ಸಹಿ ನನ್ನದು. ಅಕ್ಕ ಬರೆದಿದ್ದನ್ನ ಓದೇ ಸಹಿ ಹಾಕಿದ್ದು. ಸಾರ್‌ಗೆ ಒಂದು ಮಾತು ಹೇಳಿದೆ, ಬೇಡ ಅಂದ್ರು, ನಾನು ಬಾಯಿ ಮುಚ್ಕೊಂಡೆ. ತಪ್ಪು ಇಲಿಮನೇದಲ್ಲ, ನಮ್ಮದು."

ಇಲಿಯಕ್ಕನಿಗೆ ಅವಳ ಮೇಲೆ ಕನಿಕರ ಬರಲಿಲ್ಲ. ಎಂಟು ತಿಂಗಳು ಎಲ್ಲಿತ್ತು ಈ ನಾಲಗೆ ಎನಿಸಿತು. ಆದರೂ ಎದ್ದು ನಿಂತಳಲ್ಲ, ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

ಪ್ರಯೋಗವನ್ನು ಮತ್ತೆ ಮಾಡುವುದೆಂದು ತೀರ್ಮಾನವಾಯಿತು. ಕೆಳಗೆ ಹೇಗೆ ನಡೆಯಬೇಕೆಂದು ಇಲಿಯಕ್ಕ ಹೇಳಿದಳು, ಸಂಶೋಧಕಿ ಬರೆದುಕೊಂಡಳು. ಚೀಟಿ ಎತ್ತಿ ಪಂಜರಗಳ ಜಾಗ ಗೊತ್ತುಮಾಡುವುದು, ವಾರವಾರ ಸಾಲು ಬದಲಿಸುವುದು. ಯಾವ ಇಲಿಯನ್ನೂ ಬಾಲ ಹಿಡಿದು ಎತ್ತದೆ, ಎಲ್ಲವನ್ನೂ ರಟ್ಟಿನ ಕೊಳವೆಯೊಳಗೆ ಹತ್ತಿಸಿಕೊಂಡು ಒಯ್ಯುವುದು. ಫ್ಯಾನು ರಿಪೇರಿ. ಯಾವುದರಲ್ಲಿ ಕಿಣ್ವ ಇದೆ, ಯಾವುದರಲ್ಲಿ ಇಲ್ಲ ಎಂಬುದು ಹಲಗೆಯ ಮುಂದೆ ಕೂತವರಿಗೆ ಗೊತ್ತಿರಬಾರದು. ಮೂರು ತಿಂಗಳು ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ.

ಬಂದ ಉತ್ತರ ಯಾರಿಗೂ ಕೇಕು ತರಿಸುವಂಥದ್ದಾಗಿರಲಿಲ್ಲ. ಕಿಣ್ವವಿಲ್ಲದ ಇಲಿಗಳು ಬಯಲಿನಲ್ಲಿ ಕೊಂಚ ಹೆಚ್ಚು ನಿಂತವು ನಿಜ, ಆದರೆ ಹಿಂದಿನ ಅಂತರದ ಕಾಲುಭಾಗವೂ ಇರಲಿಲ್ಲ. ಕಿಣ್ವದ ಕೈವಾಡ ಸುಳ್ಳಲ್ಲ, ಆದರೆ ಅದೊಂದೇ ಅಲ್ಲ. ಎದ್ದು ಕಂಡದ್ದು ಬೇರೆ. ಸಾಲು ಬದಲಿಸಿ, ಎತ್ತುವ ರೀತಿ ಬದಲಿಸಿದ ಮೇಲೆ ಮಾಮೂಲಿ ಇಲಿಗಳೇ ಮೊದಲಿಗಿಂತ ಎರಡು ಪಟ್ಟು ಹೊತ್ತು ಬಯಲಿಗೆ ಬಂದಿದ್ದವು. ಕಿಣ್ವ ಅವುಗಳಲ್ಲಿ ಇದ್ದ ಹಾಗೇ ಇತ್ತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದರು ಮುಖ್ಯಸ್ಥರು, ತಮ್ಮ ಜಾಣ್ಮೆಗೆ ತಾವೇ ಮೆಚ್ಚಿ.

"ಬೆಟ್ಟ ಕಟ್ಟಿದ್ದು ನೀವು ಸಾರ್. ಇಲಿ ಮೊದಲಿಂದಲೂ ಅಲ್ಲೇ ಇತ್ತು" ಎಂದಳು ಇಲಿಯಕ್ಕ.

ಪ್ರಬಂಧ ಅಚ್ಚಾಗಿದ್ದ ಕಡೆಯೇ ತಿದ್ದುಪಡಿ ಬಂತು. ನಾಲ್ಕು ಸಾಲು, ಸಣ್ಣ ಅಕ್ಷರ. ಮುಖಪುಟದಲ್ಲಿ ಬರೆದ ಪತ್ರಿಕೆಗೆ ಅವಳು ಊಟದ ವಿರಾಮದಲ್ಲಿ ಫೋನು ಮಾಡಿದಳು. ಆ ಕಡೆಯವರು ಸಾವಧಾನವಾಗಿ ಕೇಳಿ, "ಮಾತ್ರೆ ಸಿಗಲಿಲ್ಲ ಅನ್ನೋದು ಸುದ್ದಿ ಆಗಲ್ಲ ಮೇಡಂ" ಎಂದರು. ಅವಳು ಫೋನಿನಲ್ಲೇ ಅವರ ವಂಶ ಜಾಲಾಡಿದಳು. ಪಕ್ಕದ ಕೋಣೆಯ ಗುಮಾಸ್ತ ಬಾಗಿಲು ಮುಚ್ಚಿಕೊಂಡ.

ಇನ್ನು ತಂಗಿಗೆ ಹೇಳಬೇಕಾಗಿತ್ತು. ಮರುದಿನ ರಜೆ ಹಾಕಿ, ಬೆಳಿಗ್ಗೆ ಮೆಷಿನ್ನಿನ ಪಕ್ಕದಲ್ಲಿ ಕುರ್ಚಿ ಎಳೆದು ಕೂತು, ಸಾಲು, ಲೈಟು, ಬಾಲ, ಮುಖ್ಯಸ್ಥರ ನಗು, ಸಭೆ ಎಲ್ಲ ಹೇಳಿದಳು. ತಂಗಿ ಅಳುತ್ತಾಳೆ ಎಂದುಕೊಂಡಿದ್ದಳು. ತಂಗಿ ಅಳಲಿಲ್ಲ.

"ಪೇಪರಲ್ಲಿ ಬಂದ ದಿನ ನಿನಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ತಡ ಇದೆ ಅಂದೆಯಾ? ಸಭೇಲಿ ಹತ್ತು ಜನರ ಮುಂದೆ ಕಿರುಚೋಕೆ ಬಾಯಿತ್ತು, ನನ್ನ ಮುಂದೆ ಇರಲಿಲ್ವಾ?"

"ನಿನ್ನ ಮುಖ ನೋಡಿ..."

"ನನ್ನ ಮುಖ ನೋಡಿ ಏನು? ಪಾಪ ಅನ್ನಿಸ್ತಾ? ಅವನು ನಿನ್ನನ್ನ ನೋಡಿ ನಕ್ಕ, ನೀನು ನನ್ನನ್ನ ನೋಡಿ ಪಾಪ ಅಂದೆ. ಏನು ವ್ಯತ್ಯಾಸ ಹೇಳು!"

ಗೋಡೆಯ ಮೇಲಿದ್ದ ಪತ್ರಿಕೆಯ ತುಂಡನ್ನು ಅವಳು ಸುಣ್ಣದ ಸಮೇತ ಕಿತ್ತು, ಬಾಗಿಲು ತೆರೆದು ಹೊರಟೇಬಿಟ್ಟಳು. ಮೆಟ್ಟಿಲು ಇಳಿದು, ಗೇಟು ದಾಟಿ, ಬೀದಿಯ ತಿರುವಿನ ಕಸದ ತೊಟ್ಟಿಯ ತನಕ. ತುಂಡನ್ನು ಅದರೊಳಗೆ ಎಸೆದ ಮೇಲೆ ತಾನೆಲ್ಲಿದ್ದೇನೆ ಎಂದು ಅರಿವಾಗಿರಬೇಕು. ಇಲಿಯಕ್ಕ ಬರಿಗಾಲಲ್ಲಿ ಓಡಿಬರುವಷ್ಟರಲ್ಲಿ ಅವಳು ವಿದ್ಯುತ್ ಕಂಬವನ್ನು ಎರಡೂ ಕೈಯಿಂದ ಹಿಡಿದು, ಬಿಳಿಚಿಕೊಂಡು, ಏದುಸಿರು ಬಿಡುತ್ತಿದ್ದಳು.

"ಬಾ, ಮನೆಗೆ ಹೋಗೋಣ."

"ಮುಟ್ಟಬೇಡ ನನ್ನ!"

ಕಾಲುಗಂಟೆ ಅವರು ಅಲ್ಲೇ ನಿಂತರು. ತಂಗಿ ಉಸಿರಿಗೆ ಒದ್ದಾಡುತ್ತಲೇ ಬೈದಳು. ಇಲಿಯಕ್ಕ ಮೊದಲು ತಿರುಗಿ ಬೈದಳು, ಆಮೇಲೆ ಸುಮ್ಮನೆ ಬೈಸಿಕೊಂಡಳು. ಹಾಲಿನ ಅಂಗಡಿಯವನು ಲೆಕ್ಕ ಬಿಟ್ಟು ನೋಡುತ್ತ ನಿಂತ. ನಿಧಾನವಾಗಿ ತಂಗಿಯ ಉಸಿರು ಇಳಿಯಿತು. ತಾನಾಗಿ ಕಂಬ ಬಿಟ್ಟು, ಅಕ್ಕನ ಕೈ ಹಿಡಿಯದೆ, ಅವಳಿಗಿಂತ ಎರಡು ಹೆಜ್ಜೆ ಮುಂದೆ ನಡೆದು ಮನೆಗೆ ಬಂದಳು.

ಹಾಗೆಂದು ಅವಳಿಗೆ ವಾಸಿಯಾಗಲಿಲ್ಲ. ಮರುದಿನ ಹಾಸಿಗೆಯಿಂದ ಏಳಲೇ ಇಲ್ಲ. ಹತ್ತು ದಿನ ಅಕ್ಕನ ಜೊತೆ ಮಾತಿಲ್ಲ, ಬೇಕಾದ್ದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದಳು. ಹನ್ನೊಂದನೆಯ ದಿನದ ಚೀಟಿಯಲ್ಲಿ ಸಲಹೆಗಾರ್ತಿಯ ಫೋನ್ ನಂಬರು ಕೇಳಿದ್ದಳು. ಡಾಕ್ಟರನ್ನೂ ಕಂಡಳು, ಇರುವ ಔಷಧಿಯನ್ನೇ ತೆಗೆದುಕೊಳ್ಳಲು ಒಪ್ಪಿದಳು. ಈಗ ಒಂದೊಂದು ದಿನ ಬಸ್ ನಿಲ್ದಾಣದ ತನಕ ಹೋಗುತ್ತಾಳೆ, ಒಂದೊಂದು ದಿನ ಬಾಗಿಲನ್ನೂ ತೆರೆಯುವುದಿಲ್ಲ. ಅಕ್ಕನನ್ನು ಪೂರ್ತಿ ಕ್ಷಮಿಸಿದ್ದಾಳೆಂದು ಹೇಳುವ ಹಾಗಿಲ್ಲ.

ಸಂಶೋಧಕಿ ಬೇರೆ ಕಡೆ ಕೆಲಸ ಹಿಡಿದು ಹೋದಳು. ಹೋಗುವ ಮುನ್ನ ನೆಲಮಾಳಿಗೆಗೆ ಬಂದು, ಮುಂದಿನ ಪ್ರಬಂಧದಲ್ಲಿ ನಿಮಗೆ ಕೃತಜ್ಞತೆ ಹೇಳುತ್ತೇನೆ ಎಂದಳು. "ಕೃತಜ್ಞತೆ ಕೊನೇ ಪುಟದಲ್ಲಿರುತ್ತೆ. ನಾನು ಪ್ರಯೋಗದಲ್ಲಿದ್ದೆ" ಎಂದಳು ಇಲಿಯಕ್ಕ. ಸಂಶೋಧಕಿ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಳು. ಎರಡನೆಯ ಪ್ರಯೋಗದ ಪ್ರಬಂಧದಲ್ಲಿ ಇಲಿಯಕ್ಕನ ಹೆಸರು ಬರೆದವರ ಸಾಲಿನಲ್ಲೇ ಬಂತು.

ನೋಟೀಸಿನ ಕತೆ ಮಾತ್ರ ಮುಗಿಯಲಿಲ್ಲ. ವರ್ಷದ ಮೇಲೆ ಆಡಳಿತ ಕಚೇರಿಯಿಂದ ಒಂದು ಕಾಗದ ಬಂತು: ದೀರ್ಘ ಸೇವೆಯನ್ನು ಪರಿಗಣಿಸಿ, ಸಹಾನುಭೂತಿಯಿಂದ ಸದರಿ ನೋಟೀಸನ್ನು ಕೈಬಿಡಲಾಗಿದೆ. ಅವಳು ಅದರ ಕೆಳಗೇ ಬರೆದು ವಾಪಸ್ಸು ಕಳಿಸಿದಳು: ಸಹಾನುಭೂತಿ ಬೇಡ. ತಪ್ಪು ಇವಳದಲ್ಲ ಎಂದು ಬರೆದು ಕೊಡಿ. ಉತ್ತರ ಬರಲಿಲ್ಲ. ನಿವೃತ್ತಿಗೆ ಇನ್ನು ನಾಲ್ಕು ವರ್ಷವಿದೆ. ಪ್ರತಿ ಸೋಮವಾರ ಪಂಜರಗಳ ಕೆಲಸ ಮುಗಿದ ಮೇಲೆ ಕೈ ತೊಳೆದು ಆಡಳಿತ ಕಚೇರಿಗೆ ಹೋಗಿ, "ನನ್ನ ಕಾಗದ ಏನಾಯ್ತು?" ಎಂದು ಕೇಳುತ್ತಾಳೆ. ಗುಮಾಸ್ತ ಆಗಿಲ್ಲ ಎನ್ನುತ್ತಾನೆ. ಅವಳು ಅಲ್ಲಿಯೇ ಬೆಂಚಿನ ಮೇಲೆ ಕೂರುತ್ತಾಳೆ.